ಸೂಲಗಿತ್ತಿಯ ಎಲೆ

ಹತ್ತಿರ ಬನ್ನಿ, ಕಾಲು ಮಡಚಿ ಕೂತ್ಕೊಳ್ಳಿ. ಹೇಳೋರು ಹೇಳಲಿ, ಕೇಳೋರು ಹ್ಞೂಂ ಅನ್ನಲಿ. ಹ್ಞೂಂ ನಿಂತರೆ ಕಥೆಯೂ ನಿಲ್ಲುತ್ತೆ.

ಯಾವ ರಾಜನ ಲೆಕ್ಕಕ್ಕೂ ಬಾರದ ಒಂದು ಸೀಮೆ. ಅಲ್ಲೊಂದು ಬೆಟ್ಟ. ಬೆಟ್ಟದ ಬುಡಕ್ಕೆ ಒಂದು ಊರು. ಹೆಸರು ಕೇಳಬೇಡಿ. ಹೇಳಿದರೆ ನಿಮ್ಮಲ್ಲೇ ಯಾರಿಗಾದರೂ ಸಿಟ್ಟು ಬಂದೀತು. ಆ ಊರಲ್ಲಿ ನಿಂಗಾಜಮ್ಮ ಅಂತ ಒಬ್ಬ ಸೂಲಗಿತ್ತಿ ಇದ್ದಳು. ಅಡ್ಡ ಮಲಗಿದ ಮಗುವನ್ನ ನೆಟ್ಟಗೆ ತಿರುಗಿಸುವ ಕೈ ಅವಳದು. ಅಂಥ ಕೈ ಸುತ್ತ ಏಳು ಊರಿಗೆ ಇನ್ನೊಂದಿರಲಿಲ್ಲ.

ಊರಿಗೊಂದು ಕಟ್ಟಳೆ ಇತ್ತು. ಮಗು ಹುಟ್ಟಿದ ದಿನ ಸೂಲಗಿತ್ತಿಗೆ ಎಲೆ ಹಾಕಬೇಕು. ಬಡಿಸಿದ್ದನ್ನೆಲ್ಲ ಅವಳು ಉಣ್ಣಬೇಕು. ಎಲೆಯಲ್ಲಿ ಒಂದು ಅಗುಳು ಉಳಿದರೆ ಮಗುವಿನ ಆಯಸ್ಸಿನಲ್ಲಿ ಒಂದು ವರ್ಷ ಕಮ್ಮಿ. ಹಾಗಂತ ಹೇಳಿದ್ದು ಯಾರು? ಯಾರಿಗೂ ಗೊತ್ತಿಲ್ಲ. ಗೊತ್ತಿದ್ದಿದ್ದರೆ ಇಷ್ಟು ಗಟ್ಟಿಯಾಗಿ ನಂಬುತ್ತಿರಲಿಲ್ಲ. ಹೆತ್ತವಳಿಗೆ ಮಾತ್ರ ಪಥ್ಯ. ಒಂಬತ್ತು ತಿಂಗಳು ಹೊತ್ತವಳಿಗೆ ಮೆಣಸಿನ ಸಾರು, ಹೊರಗೆ ತೆಗೆದವಳಿಗೆ ಹೋಳಿಗೆ.

ಇಪ್ಪತ್ತು ವರ್ಷ ಉಂಡಳು. ಮೈ ಏನಾಗಬೇಕೋ ಅದೇ ಆಯಿತು. ಆಗ ಊರು ನಗಲಿಕ್ಕೆ ಶುರುಮಾಡಿತು.

"ನಿಂಗಕ್ಕ, ಒಂಚೂರು ಸರಿದುಕೋ, ನಮಗೂ ಬಿಸಿಲು ಬೀಳಲಿ."

"ಅಕ್ಕೋ, ಬಸುರಿ ನಮ್ಮ ಸೊಸೆಯೋ ನೀನೋ?"

ಬಡಿಸಿದವರು ಯಾರು? ಇವರೇ. ನಕ್ಕವರು ಯಾರು? ಇವರೇ. ನಿಂಗಾಜಮ್ಮನೂ ಜೊತೆಗೆ ನಗುತ್ತಿದ್ದಳು. ಬೇರೆ ಏನು ಮಾಡಿಯಾಳು?

ಅವಳಿಗೊಬ್ಬಳೇ ಮಗಳು, ಚಿಕ್ಕತಾಯಿ. ಮದುವೆ ಮಾಡಿ ಕೊಟ್ಟಿದ್ದು ಬೆಟ್ಟದ ಮೇಲಿನ ಊರಿಗೆ. ಬಂಡೆ ಕಡಿದು ಮಾಡಿದ ಮುನ್ನೂರು ಮೆಟ್ಟಿಲು, ಅದೊಂದೇ ದಾರಿ. ಮೇಲಿನವರ ಕಟ್ಟಳೆ ಇನ್ನೊಂದು ಥರ: ಬಸುರಿಯಾದವಳು ಬೆಟ್ಟ ಇಳಿಯುವ ಹಾಗಿಲ್ಲ, ಹೆರಿಗೆಗೆ ತವರಿಗೂ ಹೋಗುವ ಹಾಗಿಲ್ಲ. ಬಸುರಿಗೆ ಆರು ತಿಂಗಳಾದಾಗ ಚಿಕ್ಕತಾಯಿ ಸುದ್ದಿ ಕಳಿಸಿದಳು: "ಅವ್ವ, ಇಲ್ಲಿ ಹೆರಿಗೆ ಮಾಡಿಸೋರು ಯಾರೂ ಇಲ್ಲ. ನನಗೆ ಭಯ. ನೀನೇ ಬರಬೇಕು."

ನಿಂಗಾಜಮ್ಮ ಹೊರಟಳು. ಇಪ್ಪತ್ತು ಮೆಟ್ಟಿಲಿಗೆ ಕೂತುಬಿಟ್ಟಳು. ಡೋಲಿಯಲ್ಲಿ ಹೊತ್ತರೆ? ನಾಲ್ಕು ಜನ ಹೊರಲು ಮೆಟ್ಟಿಲಿಗೆ ಅಗಲವಿಲ್ಲ. ಇಬ್ಬರು ಹೊರಲು ಅವಳು ಹಗುರವಿಲ್ಲ.

ಊರ ಪಂಡಿತರ ಹತ್ತಿರ ಹೋದಳು. ಅವರು ಮಂಡಿ ಒತ್ತಿ ನೋಡಿದರು. "ಮೈ ಇಳಿಸಮ್ಮ. ಸಿಹಿ ಮುಟ್ಟಬೇಡ, ತುಪ್ಪದ ವಾಸನೆಯೂ ಬೇಡ. ಮೂರು ತಿಂಗಳು ಬಾಯಿ ಕಟ್ಟಿದರೆ ಬೆಟ್ಟ ಹತ್ತುತ್ತೀಯ."

ಕಟ್ಟಿದಳು ನೋಡಿ! ಮನೆಯಲ್ಲಿ ಬರೀ ರಾಗಿ ಅಂಬಲಿ, ಬೇಯಿಸಿದ ಸೊಪ್ಪು. ದಿನಾ ಬೆಳಿಗ್ಗೆ ಮೆಟ್ಟಿಲು. ಇಪ್ಪತ್ತು ಹೋಗಿ ನಲವತ್ತಾಯಿತು, ನಲವತ್ತು ಹೋಗಿ ಎಪ್ಪತ್ತಾಯಿತು. ಆಮೇಲೆ ಊರಲ್ಲಿ ಹೆರಿಗೆಗಳು ಶುರುವಾದವು.

ಮೊದಲು ಗೌಡರ ಮನೆ. ಗಂಡು ಮಗು. ಗೌಡತಿ ಎಲೆ ಹಾಕಿಸಿದಳು.

"ಗೌಡ್ತಮ್ಮಾರೆ, ಒಂದೇ ಹೋಳಿಗೆ ಸಾಕು. ಮಗಳ ಹತ್ತಿರ ಹೋಗಬೇಕು, ಮೈ ಇಳಿಸ್ತಾ ಇದ್ದೀನಿ."

"ಹಂಗಾದರೆ ನಮ್ಮ ಕುಡಿಗೆ ಒಂದೇ ಹೋಳಿಗೆಯಷ್ಟು ಆಯಸ್ಸೇನೆ? ಬಾಯಲ್ಲಿ ಕೆಟ್ಟ ಮಾತು ಬಂದೀತು ನೋಡು, ಉಣ್ಣು!"

ಏಳು ಉಂಡಳು. ಎಪ್ಪತ್ತು ಮೆಟ್ಟಿಲು ಅರವತ್ತಾಯಿತು.

ಎರಡನೆಯದು ಕುಂಬಾರರ ಮನೆ. ಆ ಮನೆಯಲ್ಲಿ ಬೆಲ್ಲ ಕಂಡು ಎಷ್ಟು ಕಾಲವಾಗಿತ್ತೋ. ಅಜ್ಜಿ ಎಲ್ಲಿಂದಲೋ ಹೊಂದಿಸಿ ಒಂದು ಪಾತ್ರೆ ಪಾಯಸ ಮಾಡಿದ್ದಳು. ಬಾಗಿಲ ಸಂದಿಯಿಂದ ಮೂರು ಮಕ್ಕಳು ಪಾತ್ರೆಯನ್ನೇ ನೋಡುತ್ತಿದ್ದವು.

"ಅಜ್ಜಿ, ಅವಕ್ಕೆ ಕೊಡು. ನನಗೆ ಹಸಿವಿಲ್ಲ."

ಅಜ್ಜಿ ಸೌಟು ಹಿಡಿದು ನಿಂತೇ ಇದ್ದಳು. "ಗೌಡರ ಮನೇಲಿ ಏಳು ಹೋಳಿಗೆ ಉಂಡೆಯಂತೆ. ನಮ್ಮ ಮನೇದು ಗಂಟಲಲ್ಲಿ ಇಳಿಯಲ್ವಾ ನಿಂಗವ್ವ?"

ಇದಕ್ಕೆ ಏನು ಹೇಳ್ತೀರಿ? ನಿಂಗಾಜಮ್ಮ ಪಾತ್ರೆ ಎಳೆದುಕೊಂಡಳು. ಮಕ್ಕಳ ಕಣ್ಣೆದುರಿಗೆ ಪಾಯಸವನ್ನೆಲ್ಲ ಕುಡಿದಳು. ಅರವತ್ತು ಮೆಟ್ಟಿಲು ನಲವತ್ತಾಯಿತು.

ಮೂರನೆಯದು ಪಂಡಿತರ ಮನೆ. ಹ್ಞೂಂ, ಅದೇ ಪಂಡಿತರು. ಸೊಸೆ ಹೆತ್ತಳು. ನಿಂಗಾಜಮ್ಮ ನೆಮ್ಮದಿಯಿಂದ ಎಲೆಯ ಮುಂದೆ ಕೂತಳು. ಇಲ್ಲಾದರೂ ಬಿಟ್ಟಾರು ಅಂತ.

"ಪಂಡಿತರೆ, ನೀವೇ ತಾನೆ ತುಪ್ಪ ಮುಟ್ಟಬೇಡ ಅಂದಿದ್ದು?"

"ಅದು ನಿನ್ನ ಮಂಡಿಯ ವಿಷಯ ಕಣಮ್ಮ," ಅಂದರು ಪಂಡಿತರು. "ಇದು ನನ್ನ ಮೊಮ್ಮಗನ ವಿಷಯ." ತಾವೇ ಬಗ್ಗಿ ತುಪ್ಪ ಸುರಿದರು.

ನಲವತ್ತು ಮೆಟ್ಟಿಲು ಮತ್ತೆ ಇಪ್ಪತ್ತಾಯಿತು. ಆ ವಾರವೇ, ಇನ್ನೂ ದಿನ ತುಂಬುವ ಮೊದಲೇ, ಮೇಲಿಂದ ಅಳಿಯ ಓಡಿ ಬಂದ. "ಅತ್ತೆ, ಬೆಳಗಿನ ಜಾವದಿಂದ ನೋವು ತಿಂತಾ ಇದಾಳೆ. ಏಳಿ!"

ಎದ್ದಳು. ಇಪ್ಪತ್ತು ಮೆಟ್ಟಿಲು ಕಾಲಲ್ಲಿ ಹತ್ತಿದಳು. ಆಮೇಲೆ ಕೈ ಊರಿ ಹತ್ತಿದಳು. ಆಮೇಲೆ ತೆವಳಿದಳು. ಅಳಿಯ ಮುಂದಿನಿಂದ ಎಳೆದ, ಹಿಂದಿನಿಂದ ನೂಕಿದ, ಕೊನೆಗೆ ಪಕ್ಕದಲ್ಲಿ ಕೂತು ಅತ್ತ. ನೂರನೇ ಮೆಟ್ಟಿಲಲ್ಲಿ ಹೊತ್ತು ನೆತ್ತಿಗೆ ಬಂತು. ಇನ್ನೂರನೇ ಮೆಟ್ಟಿಲಲ್ಲಿ ಮಗಳ ಕೂಗು ಕೇಳಿಸಿತು. ಇನ್ನೂರೈವತ್ತಕ್ಕೆ ಕೂಗು ನಿಂತಿತು.

ಚಿಕ್ಕತಾಯಿ ಬದುಕಿದ್ದಳು. ಮಗು ಬದುಕಿರಲಿಲ್ಲ. ಹೊಕ್ಕುಳಬಳ್ಳಿ ಕೊರಳಿಗೆ ಎರಡು ಸುತ್ತು ಬಿಗಿದಿತ್ತು. ಅದನ್ನ ಬಿಡಿಸುವುದು ನಿಂಗಾಜಮ್ಮನಿಗೆ ಎರಡು ಬೆರಳಿನ ಕೆಲಸ. ಅಲ್ಲಿದ್ದ ಹೆಂಗಸರಿಗೆ ಅದು ಗೊತ್ತಿರಲಿಲ್ಲ.

ಮಗಳು ಮುಖ ತಿರುಗಿಸಲಿಲ್ಲ. ಗೋಡೆ ನೋಡಿಕೊಂಡೇ ಕೇಳಿದಳು: "ಊರ ಮಕ್ಕಳೆಲ್ಲ ನೂರು ವರ್ಷ ಬಾಳಲಿ ಅಂತ ಉಂಡೆಯಲ್ಲವ್ವ. ನನ್ನ ಮಗೂಗೆ ಯಾರು ಉಣ್ಣಬೇಕಾಗಿತ್ತು?"

ನಿಂಗಾಜಮ್ಮ ಕೆಳಗಿಳಿದು ಬಂದಳು. ಅನ್ನ ಸೇರಲಿಲ್ಲ. ಊರಲ್ಲಿ ಹೆರಿಗೆಯೂ ಇರಲಿಲ್ಲ, ಆರು ತಿಂಗಳಲ್ಲಿ ಅರ್ಧವಾದಳು. ಬಾವಿಕಟ್ಟೆಯಲ್ಲಿ ಹೆಂಗಸರು ಸುತ್ತುವರಿದರು. "ಎಷ್ಟು ಚೆಂದ ಆಗಿದ್ದೀಯ ನಿಂಗಕ್ಕ! ಏನು ಮದ್ದು ಮಾಡಿದೆ? ನಮಗೂ ಹೇಳೆ." ಅವಳು ಕೊಡ ಎತ್ತಿಕೊಂಡು ನಡೆದಳು. ಜಂಬ ಬಂದಿದೆ ಅಂದರು.

ಅಷ್ಟರಲ್ಲಿ ಗೌಡರ ಎರಡನೇ ಸೊಸೆಗೆ ನೋವು ಬಂತು. ನಿಂಗಾಜಮ್ಮ ಹೋದಳು, ಕೆಲಸ ಮುಗಿಸಿದಳು, ಕೈ ತೊಳೆದಳು. ಎಲೆ ಬಂತು.

"ಪಾಪ, ಸೊರಗಿ ಹೋಗಿದ್ದಾಳೆ," ಅಂದಳು ಗೌಡತಿ. "ಇನ್ನೆರಡು ಜಾಸ್ತಿ ಹಾಕ್ರೇ."

ದಪ್ಪಗಿದ್ದಾಗ ಉಣ್ಣು, ಸೊರಗಿದಾಗ ಇನ್ನೂ ಉಣ್ಣು. ಕೇಳಿದಿರಾ?

ನಿಂಗಾಜಮ್ಮ ಎಲೆಯನ್ನ ನೋಡಿದಳು. ಹೋಳಿಗೆ, ತುಪ್ಪ, ಅನ್ನ, ಎಲ್ಲ ಇದ್ದ ಹಾಗೇ ಎಲೆ ಮಡಚಿಬಿಟ್ಟಳು.

ಗೌಡತಿ ಎದೆ ಹಿಡಿದುಕೊಂಡಳು. "ಅಯ್ಯೋ ಪಾಪಿ! ಮಗೂನ ಆಯಸ್ಸು!"

"ಅದರ ಆಯಸ್ಸು ಈ ಎಲೇಲಿ ಇರಲಿಲ್ಲ ಗೌಡ್ತಮ್ಮಾರೆ. ಕೊರಳಿಗೆ ಸುತ್ತಿಕೊಂಡಿತ್ತು. ಬಿಡಿಸಿ ಬಂದಿದ್ದೀನಿ. ಒಳಗೆ ಅಳ್ತಾ ಇದೆ, ಕೇಳಿಸ್ಕೊಳ್ಳಿ."

ಹೇಳಿ ಹೊರಟುಹೋದಳು. ಒಳಗೆ ಮಗು ಅಳುತ್ತಿತ್ತು. ಯಾರು ಕೇಳಿಸಿಕೊಂಡರು? ಗೌಡತಿ ಅವಸರ ಅವಸರವಾಗಿ ಎಲೆ ಬಿಚ್ಚಿ, ತಾನೇ ಕೂತು ಅಷ್ಟನ್ನೂ ಉಂಡಳು. ಮಗು ಚೆನ್ನಾಗಿ ಬೆಳೆಯಿತು. ಗೌಡತಿ ಎಲೆ ಬರಿದು ಮಾಡಿದ್ದಕ್ಕೇ ಬದುಕಿತು ಅಂತ ಊರೆಲ್ಲ ಹೊಗಳಿತು.

ನಿಂಗಾಜಮ್ಮನನ್ನ ಮತ್ತೆ ಯಾರೂ ಕರೆಯಲಿಲ್ಲ. ಪಕ್ಕದ ಸೀಮೆಯಿಂದ ಹೊಸ ಸೂಲಗಿತ್ತಿಯನ್ನ ಕರೆತಂದರು. ಇನ್ನೂ ಎಳೆ ವಯಸ್ಸು, ಗಾಳಿಗೆ ಬಳುಕುವ ಮೈ. ಮೊದಲನೇ ಹೆರಿಗೆ ಮುಗಿಸಿ ಬಂದು ಕೂತಳು.

"ಇಷ್ಟೊಂದು ಹೋಳಿಗೆ ನನಗಾ?" ಅಂತ ಅವಳಿಗೆ ಖುಷಿಯೋ ಖುಷಿ.

ಆಕೆ ಉಣ್ಣಲಿಕ್ಕೆ ಕೂತಳು, ಕಥೆ ಎದ್ದು ನಿಂತಿತು. ಹೇಳಿದ ಬಾಯಿಗೆ ನೀರು, ಕೇಳಿದ ಕಿವಿಗೆ ನಿದ್ದೆ. ಹೋಗಿ ಮಲಗಿ.