ಬಂದರಿನ ಮೇಲಿನ ಕಾಲುದಾರಿ

ವೇದಿಕೆಯ ಮೇಲಿರುವ ನಮ್ಮ ನಡಿಗೆ ಬಳಗದ ಅಧ್ಯಕ್ಷರಾದ ಏಕಾಂತಯ್ಯನವರೇ, ಗೌರವಾನ್ವಿತ ಅತಿಥಿಗಳೇ, ಸಾರಕ್ಕಿ ಕೆರೆಯ ಸುತ್ತ ದಿನವೂ ನನ್ನನ್ನು ಹಿಂದೆ ಹಾಕಿ ಹೋಗುವ ಸಭಿಕರೇ,

ಬಳಗದ ಕರಾವಳಿ ಪ್ರವಾಸದ ಬಗ್ಗೆ ಐದು ನಿಮಿಷ ಮಾತಾಡಿ ಎಂದಿದ್ದಾರೆ. ಜೀವನವಿಡೀ ಪಾಠ ಹೇಳಿದವಳಿಗೆ ಐದು ನಿಮಿಷ ಹಾಜರಿ ಕೂಗುವುದಕ್ಕೇ ಸಾಲದು. ಆದರೂ ಪ್ರಯತ್ನಿಸುತ್ತೇನೆ.

ನಾವು ಹೋದದ್ದು ಒಂದು ಸಣ್ಣ ಬಂದರಿಗೆ. ಅದರ ಮೇಲೆ ಗುಡ್ಡ, ಗುಡ್ಡ ಹತ್ತುವ ಒಂದು ಹಳೆಯ ಕಾಲುದಾರಿ. ನಮ್ಮ ಯಜಮಾನರು ಸೋಮನಾಥ್ ನಿಮಗೆಲ್ಲ ಗೊತ್ತು. ಎರಡು ವರ್ಷದ ಹಿಂದೆ ಅವರ ದೃಷ್ಟಿ ಪೂರ್ತಿ ಹೋಯಿತು. ಅಂದಿನಿಂದ ಅವರು ನನ್ನ ಕೈ ಹಿಡಿಯದೆ ಗೇಟು ದಾಟಿದವರಲ್ಲ. ನಾನು ದಾಟಲು ಬಿಟ್ಟವಳೂ ಅಲ್ಲ. ನೀರು ಕುಡಿಯಲು ಎದ್ದರೂ ಹಿಂದೆಯೇ ಹೋಗುತ್ತಿದ್ದೆ. ಇರಲಿ, ಅದು ಮನೆಯ ಮಾತು.

ಕಾಲೇಜಿನಲ್ಲಿ ಇತಿಹಾಸ ಕಲಿಸುವ ನಮ್ಮ ಇಂಚರ ದಾರಿಯುದ್ದಕ್ಕೂ ವಿವರಿಸುತ್ತಿದ್ದಳು. ಕೆಳಗಡೆ ಮೊನ್ನೆ ಮೊನ್ನೆ ಹಾಕಿದ ಸಿಮೆಂಟು. ಸ್ವಲ್ಪ ಮೇಲೆ ಅದು ಕಿತ್ತುಹೋಗಿ, ಬ್ರಿಟಿಷರು ಲೈಟ್‌ಹೌಸ್ ಕಟ್ಟಿದ ಕಾಲದ ಕೆಂಪು ಕಲ್ಲಿನ ಮೆಟ್ಟಿಲು. ಇನ್ನೂ ಮೇಲೆ ಮೆಟ್ಟಿಲೂ ಮುಗಿದು, ತರಗೆಲೆ ತುಂಬಿದ ಬರೀ ಬಂಡೆ.

"ಆಂಟಿ, ಇದೇ ಎಲ್ಲಕ್ಕಿಂತ ಹಳೇದು. ಘಟ್ಟದಿಂದ ಮೆಣಸು ಇಳೀತಿತ್ತು, ಬಂದರಿಂದ ಉಪ್ಪು ಹತ್ತುತ್ತಿತ್ತು," ಎಂದಳು.

ಇವರು ಚಪ್ಪಲಿ ಬಿಟ್ಟರು.

"ಮಂಗಳಾ, ಇಲ್ಲಿ ಗುಳಿ ಇದೆ ಕಣೆ. ಮುಂದೆ ಇನ್ನೊಂದು. ಎರಡು ಸಾಲು."

"ಕಲ್ಲು ಸವೆದಿರುತ್ತೆ, ಬಿಡಿ."

"ಕಾಲಿಂದ ಸವೆದಿರೋದು. ಈ ಸಾಲಲ್ಲಿ ಹೆಜ್ಜೆ ಒತ್ತೊತ್ತಾಗಿದೆ. ಭಾರ ಹೊತ್ತೋರು ಇಲ್ಲೇ ಮೇಲೆ ಹೋಗಿದಾರೆ." ಮುಂದಿನ ಗುಳಿಯನ್ನು ಪಾದದಿಂದ ತಡವಿ, "ಕೈ ಬಿಡು," ಎಂದರು.

ಒಂದು ಪಕ್ಕದಲ್ಲಿ ನೇರ ಇಳಿಜಾರು, ಅದರ ಬುಡದಲ್ಲಿ ದೋಣಿಗಳು. ಬಿಡುವುದು ಹೇಗೆ?

"ಬೇಡ ರೀ. ನನ್ನಾಣೆ."

"ನಿನ್ ಕೈ ಹಿಡ್ಕೊಂಡ್ರೆ ಕಾಲಿಗೆ ಏನೂ ಗೊತ್ತಾಗಲ್ಲ ಮಂಗಳಾ."

ಬಿಟ್ಟೆ.

ಸಭಿಕರೇ, ಅವರು ಹತ್ತಿದರು. ಒಂದು ಗುಳಿಯಿಂದ ಇನ್ನೊಂದಕ್ಕೆ, ತಡವರಿಸದೆ ಹತ್ತಿದರು. ಉಪ್ಪಿನ ಮೂಟೆ ಹೊತ್ತ ಹೆಸರಿಲ್ಲದ ಜನ ತಲೆತಲಾಂತರ ಸವೆಸಿದ ಜಾಗದಲ್ಲಿ ನನ್ನ ಗಂಡನ ಪಾದ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂರುತ್ತಿತ್ತು. ಎಂದೋ ಸತ್ತವರು ಇಂದು ಒಬ್ಬರನ್ನು ಬೀಳದಂತೆ ಹಿಡಿಯಬಲ್ಲರೇ? ನಾನು ಕಣ್ಣಾರೆ ಕಂಡೆ. ನಾನೂ ಚಪ್ಪಲಿ ಬಿಟ್ಟು ಹಿಂದೆ ಹತ್ತಿದೆ.

ತುದಿಯಲ್ಲಿ ಗಾಳಿಗೆ ಮುಖವೊಡ್ಡಿ ನಿಂತು, "ಎಷ್ಟು ಜನ ನಡೆದಿರಬೇಕು ಕಣೆ," ಎಂದರು. ನನಗೆ ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಬೆಂಗಳೂರಿಗೆ ಬಂದ ಮೇಲೆ ಕೋಲು ಕೊಂಡರು. ಈಗ ಜೆ.ಪಿ. ನಗರದ ಫುಟ್‌ಪಾತಿನಲ್ಲಿ ಒಬ್ಬರೇ ನಡೆಯುತ್ತಾರೆ. ಕಣ್ಣಿದ್ದವರಿಗೇ ಕಷ್ಟದ ಕೆಲಸ ಅದು.

ಇವತ್ತೂ ಬಂದಿದ್ದಾರೆ, ಮೂರನೆಯ ಸಾಲಿನಲ್ಲಿದ್ದಾರೆ. ಊಟಕ್ಕೆ ಏಳುವಾಗ ದಯವಿಟ್ಟು ಯಾರೂ ಅವರ ಕೈ ಹಿಡಿಯಬೇಡಿ. ಸ್ವಲ್ಪ ದಾರಿ ಬಿಡಿ, ಸಾಕು. ನಾನೂ ಇನ್ನೂ ಕಲಿಯುತ್ತಿದ್ದೇನೆ.

ನಮ್ಮಿಬ್ಬರನ್ನೂ ಆ ಗುಡ್ಡದವರೆಗೆ ಕರೆದೊಯ್ದ ಬಳಗಕ್ಕೆ ಋಣಿ. ನಮಸ್ಕಾರ.