ಉಪ್ಪು ಮುಗಿದ ತೊಟ್ಟಿ

ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡಿನ ಹೊರಗಿನ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಇಬ್ಬರಿದ್ದರು: ನೀರು ಸರಬರಾಜಿನ ಪಂಪ್ ಆಪರೇಟರ್ ಮತ್ತು ಅವನ ಅಕ್ಕ. ಅಕ್ಕನ ಮಗಳು ವಾಂತಿ ಭೇದಿಯಾಗಿ ಒಳಗಿದ್ದಳು.

“ತಪ್ಪು ನಂದೇ ಅಕ್ಕ. ನಮ್ಮಲ್ಲಿರೋದು ಉಪ್ಪುನೀರಿಗೆ ಕರೆಂಟ್ ಕೊಟ್ಟು, ಕುಡಿಯೋ ನೀರಿಗೆ ಬೆರೆಸೋ ಕ್ಲೋರಿನ್ ಮಾಡೋ ಮಿಷನ್ನು. ನಾಲ್ಕು ದಿನದಿಂದ ತೊಟ್ಟೀಲಿ ಉಪ್ಪೇ ಇರ್ಲಿಲ್ಲ.”

“ನೋಡ್ಲಿಲ್ವೇನೋ?”

“ಗುಳ್ಳೆ ಏಳ್ತಿತ್ತು. ಕ್ಲೋರಿನ್ ಆಗ್ತಿದೆ ಅಂದ್ಕೊಂಡೆ. ಉಪ್ಪಿಲ್ದಿದ್ರೂ ಗುಳ್ಳೆ ಬರುತ್ತೆ ಅಂತ ಇವತ್ತು ಗೊತ್ತಾಯ್ತು.”

“ದಿನಾ ನೀರಿಗೆ ಔಷಧಿ ಹನಿ ಹಾಕಿ ನೋಡ್ತೀನಿ, ಕ್ಲೋರಿನ್ ಇದ್ರೆ ಹಳದಿ ಆಗುತ್ತೆ ಅಂತಿದ್ಯಲ್ಲ?”

“ಹನಿ ಹಾಕ್ಲಿಲ್ಲ. ದಿನಾ ಬರೆಯೋ ಪುಸ್ತಕದಲ್ಲಿ ಮಾತ್ರ ಹಳದಿ ಅಂತ ಬರೆದೆ.”

“ನೀರು ಕುದಿಸ್ತಿದ್ದ ನನ್ನನ್ನ, ‘ಸ್ವಂತ ತಮ್ಮನನ್ನೂ ನಂಬಲ್ವಾ’ ಅಂತ ರೇಗಿಸಿದ್ದು ನೀನೇ ಅಲ್ವೇನೋ?”

“ಹೂಂ, ನಾನೇ.”

“ಯಾರ್ಯಾರಿಗೆ ಹೇಳಿದೀಯ?”

“ನಿನಗೊಬ್ಬಳಿಗೇ. ಗೊತ್ತಾದ್ರೆ ಕೆಲ್ಸ ಹೋಗುತ್ತೆ ಅಕ್ಕ.”

“ಊರೆಲ್ಲ ಈಗ ಕುಡೀತಿರೋದು ಅದೇ ನೀರಾ?”

“ಈಗ ಉಪ್ಪು ಹಾಕಿದೀನಿ. ಪೈಪಲ್ಲಿರೋದು ಹಳೇದೇ.”

ನರ್ಸ್ ಬಾಗಿಲು ತೆರೆದು ಮಗುವಿನ ತಾಯಿಯನ್ನು ಕರೆದರು. ಅಕ್ಕ ಎದ್ದು, ತನ್ನ ಫೋನನ್ನು ತಮ್ಮನ ಕೈಗೆ ತುರುಕಿದಳು.

“ನಾನು ಹೊರಗೆ ಬರೋದ್ರೊಳಗೆ ನಿಮ್ಮ ಇಂಜಿನಿಯರಿಗೆ ಹೇಳಿರ್ಬೇಕು.”

ಅವಳು ಒಳಗೆ ಹೋದಳು. ಅವನು ಮೆಟ್ಟಿಲಿನತ್ತ ನಡೆಯುತ್ತ ಫೋನಿನಲ್ಲಿ ಹೇಳಿದ್ದು ನನಗೆ ಕೇಳಿಸಿತು.

“ಸಾರ್, ನೀರು ನಿಲ್ಸಿ. ಪುಸ್ತಕದಲ್ಲಿ ನಾನು ಬರೆದಿರೋದು ಸುಳ್ಳು ಸಾರ್.”