ಹಾರೆಯೋ, ಕೊಕ್ಕೆಗೋಲೋ

ಕಬ್ಬಿಣದ ಸಾಮಾನಿನ ಅಂಗಡಿಯ ಸರದಿಯಲ್ಲಿ, ಅಳತೆಪಟ್ಟಿ ಕೊಳ್ಳಲು ಬಂದಿದ್ದ ಯುವತಿಯ ಮುಂದೆ ಸಾಮಿಲ್ಲಿನ ಇಬ್ಬರಿದ್ದರು: ಒಬ್ಬರು ಭಾವ, ಇನ್ನೊಬ್ಬ, ಊರುಗೋಲು ಹಿಡಿದವನು, ಅವರ ಹೆಂಡತಿಯ ತಮ್ಮ. ಅಂಗಡಿಯವನು ಒಂದು ಹಾರೆಯನ್ನೂ, ತುದಿಗೆ ಕೊಕ್ಕೆಯಿದ್ದ ಆಳುದ್ದದ ಕೋಲನ್ನೂ ಮುಂದಿಟ್ಟಿದ್ದ.

“ದಿಮ್ಮಿ ಉರುಳಿಸೋಕೆ ಹಾರೆ ಸಾಕು. ಕೊಕ್ಕೆಯೆಲ್ಲ ಬರೀ ಶೋಕಿ.”

“ಹಾರೆ ಜಾರಿದ್ದಕ್ಕೇ ಭಾವ, ನನ್ನ ಕಾಲು ಹೀಗಾಗಿರೋದು. ಕೊಕ್ಕೆ ಆದ್ರೆ ಕಚ್ಚಿ ಹಿಡಿಯುತ್ತೆ.”

“ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ.”

“ನೆಲ ಇಳಿಜಾರೇ ಇತ್ತಲ್ಲ! ಕೆಳಗಡೆ ನನ್ನ ನಿಲ್ಲಿಸಿ, ಮೇಲಿಂದ ಹಾರೆ ಹಾಕಿದ್ದು ಯಾರು?”

“ಬಾಯಿ ಮಾತ್ರ ಮುರೀಲಿಲ್ಲ ನೋಡು ನಿಂದು.”

“ಸರಿ, ಹಾರೇನೇ ತಗೊಳ್ಳಿ. ಆದ್ರೆ ನಾಳೆಯಿಂದ ಇಳಿಜಾರಿನ ಕಡೆ ನೀವು ನಿಲ್ಲಿ. ಮೇಲ್ಗಡೆ ಹಾರೆ ನಾನು ಹಿಡೀತೀನಿ.”

ಭಾವ ಅವನ ಕೈಗಳನ್ನು ನೋಡಿದರು. ಅನಂತರ ಮುಖವನ್ನು ನೋಡಿದರು. ಹಾರೆಯನ್ನು ಅಂಗಡಿಯವನತ್ತ ತಳ್ಳಿದರು.

“ಕೊಕ್ಕೆದೇ ಕೊಡಪ್ಪ.”

ಕೋಲನ್ನು ಹೆಗಲಿಗೇರಿಸಿ ಬಾಗಿಲು ದಾಟುವಾಗ ಅವರು ತಿರುಗಿಯೂ ನೋಡಲಿಲ್ಲ.

“ಆಟೋದಲ್ಲಿ ಇದಕ್ಕೇ ಜಾಗ ಸಾಲಲ್ಲ. ನೀನು ನಡ್ಕೊಂಡು ಬಾ.”